ತೂಕ ಬೀಳುವ ತನಕ

ಅಂಗಾತ ಮಲಗಿ. ಬೆನ್ನಿನಡಿ ಗೋಣಿಚೀಲ, ಅದರಡಿ ಡೀಸೆಲ್ ಕುಡಿದು ಕಪ್ಪಾದ ನೆಲ. ಮೂಗಿನಿಂದ ಗೇಣು ಮೇಲೆ ಹಳೆಯ ಮಾರುತಿ 800ರ ಹೊಟ್ಟೆ. ಕೊಕ್ಕನೂರಿನ ಗದ್ದೆದಾರಿಯ ಕೆಸರು ವರ್ಷಗಟ್ಟಲೆ ಅಂಟಿ, ಒಣಗಿ ಗಟ್ಟಿಯಾಗಿದೆ. ಮೇಸ್ತ್ರಿ ಒಂದೇಟು ತಟ್ಟಿದ್ದೇ ತಡ, ಹೆಕ್ಕಳಿಕೆಯೆದ್ದ ಮಣ್ಣು ನಿಮ್ಮ ಮುಖದ ಮೇಲೆ ಸುರಿಯುತ್ತದೆ. ಕಣ್ಣು ಉಜ್ಜಬೇಡಿ, ಕೈತುಂಬ ಗ್ರೀಸಿದೆ.

ಹ್ಯಾಂಡ್‌ಬ್ರೇಕ್ ಎಳೆದು ಬಂದಿದ್ದೀರಿ. ಆದರೆ ಅದು ಹಿಡಿಯುವುದು ಹಿಂದಿನ ಚಕ್ರಗಳನ್ನು, ಆ ಚಕ್ರಗಳೋ ಈಗ ಗೋಡೆಗೆ ಒರಗಿಕೊಂಡಿವೆ. ಕಾರು ಜಾರದಂತೆ ತಡೆದಿರುವುದು ಒಂದನೇ ಗೇರು ಮತ್ತು ಮುಂದಿನ ಗಾಲಿಗಳಿಗೆ ಕೊಟ್ಟ ಕಲ್ಲುಗಳು. ಹಿಂಭಾಗವನ್ನು ಹೊತ್ತಿರುವುದು ಎರಡು ಕಬ್ಬಿಣದ ಸ್ಟ್ಯಾಂಡು. "ಜಾಕ್ ನಂಬಿ ಯಾವತ್ತೂ ಕೆಳಗ ಹೋಗಬ್ಯಾಡ್ರಿ ಅಣ್ಣಾರ," ಎನ್ನುತ್ತಾನೆ ಮೇಸ್ತ್ರಿ. ಕಾರಿನ ತೂಕ ಸುಮಾರು 650 ಕೆ.ಜಿ. ಹಗುರ ಗಾಡಿ ಅನ್ನುವವರೆಲ್ಲ ಅದರ ಹೊರಗೆ ನಿಂತವರು.

ಇಲ್ಲಿಗೆ ನಿಮ್ಮನ್ನು ಎಳೆದು ತಂದದ್ದು ಒಂದು ಸದ್ದು. ಹಂಪ್ ಇಳಿದಾಗಲೆಲ್ಲ ಹಿಂದಿನಿಂದ ಧಡ್. ಆಮೇಲೆ ಸದ್ದಿಗಿಂತ ಕೆಟ್ಟದ್ದೊಂದು ಶುರುವಾಯಿತು: ಹರಿಹರದ ರಸ್ತೆಯಲ್ಲಿ ಭತ್ತದ ಲಾರಿ ಪಕ್ಕದಲ್ಲಿ ಹಾದಾಗ ಸ್ಟೇರಿಂಗ್ ನೆಟ್ಟಗಾದ ಮೇಲೂ ಕಾರಿನ ಬಾಲ ಒಂದು ಗಳಿಗೆ ತೊನೆಯುತ್ತಿತ್ತು. ಈ ಕಾರಿನ ಹಿಂದಿನ ಆಕ್ಸಲ್ ಒಂದೇ ತೊಲೆ. ಸ್ಪ್ರಿಂಗುಗಳು ಅದರ ಮೇಲೆ ಭಾರ ಹೊರುತ್ತವೆ, ಅಷ್ಟೇ. ಅದನ್ನು ಜಾಗದಲ್ಲಿ ಹಿಡಿದಿಡುವುದು ಉದ್ದಕ್ಕೆ ಎರಡು ಟ್ರೇಲಿಂಗ್ ಆರ್ಮ್, ಅಡ್ಡಕ್ಕೆ ಒಂದು ರಾಡ್. ಮೂರಕ್ಕೂ ಎರಡೆರಡು ತುದಿ, ತುದಿಗೊಂದು ರಬ್ಬರ್ ಬುಶ್. ಕೊನೆಯ 800 ತಯಾರಾದದ್ದು 2014ರ ಜನವರಿಯಲ್ಲಿ. ಈಗ ಓಡುತ್ತಿರುವ ಯಾವ 800ರ ಮೂಲ ರಬ್ಬರಿಗೂ ಎಳೆ ವಯಸ್ಸಲ್ಲ.

ಟಾರ್ಚ್ ಬಿಡಿ. ಎಡಗಡೆ ಆರ್ಮಿನ ಮುಂದಿನ ತುದಿ. ರಬ್ಬರ್ ಸೀಳಿ, ನಡುವಿನ ಉಕ್ಕಿನ ಕೊಳವೆ ಒಂದು ಮಗ್ಗುಲಿಗೆ ವಾಲಿದೆ. ನಿಮ್ಮ ಹೆಬ್ಬೆರಳಿನ ಉಗುರು ಆ ಬಿರುಕಿನೊಳಗೆ ಸಲೀಸಾಗಿ ಇಳಿಯುತ್ತದೆ.

ನಟ್ಟು ಬಿಚ್ಚಿತು. ಬೋಲ್ಟ್ ಬರುತ್ತಿಲ್ಲ. ಸ್ಪ್ಯಾನರ್ ಹಾಕಿ ತಿರುಗಿಸಿದರೆ ತಿರುಗಿದಂತೆ ಮಾಡಿ, ಕೈ ಬಿಟ್ಟೊಡನೆ ಹಿಂದಕ್ಕೆ ಚಿಮ್ಮುತ್ತದೆ. ನಿಮ್ಮ ಮಣಿಕಟ್ಟಿಗೆ ಅದು ಗೊತ್ತಾಗುತ್ತದೆ: ಬೋಲ್ಟೂ ಒಳಗಿನ ಕೊಳವೆಯೂ ತುಕ್ಕಿನಲ್ಲಿ ಒಂದಾಗಿಬಿಟ್ಟಿವೆ, ತಿರುಗುತ್ತಿರುವುದು ರಬ್ಬರ್. ಎಳೆ ಕೆಡದಂತೆ ಮೇಸ್ತ್ರಿ ನಟ್ಟನ್ನು ಮತ್ತೆ ತುದಿಗೆ ಕೂರಿಸಿ, ಸೀಮೆಎಣ್ಣೆ ಹೊಯ್ದು, ಸುತ್ತಿಗೆ ಬೀಸುತ್ತಾನೆ. ಒಂದೊಂದೇಟಿಗೂ ಮೇಲಿನ ತಗಡೆಲ್ಲ ಗುಂಯ್ ಎನ್ನುತ್ತದೆ. ಸ್ಟ್ಯಾಂಡ್ ಅಲುಗಿತೇ? ಉಸಿರು ಬಿಗಿ ಹಿಡಿಯುತ್ತೀರಿ. ಇಲ್ಲ, ಅಲುಗಿದ್ದು ಬೆಳಕು.

"ಗ್ಯಾಸ್ ಹಚ್ಚೋಣೇನ್ರಿ?" ಹುಡುಗ ಹೊರಗಿನಿಂದ ಕೇಳುತ್ತಾನೆ. ಕಾಯಿಸಿದರೆ ಐದು ನಿಮಿಷದ ಕೆಲಸ. ಆದರೆ ಸೀಮೆಎಣ್ಣೆಯ ಘಾಟಿನಡಿ ಇನ್ನೊಂದು ವಾಸನೆ ಇದೆ, ನಿಮ್ಮ ಮೂಗಿಗೆ ಈಗಷ್ಟೇ ಬಡಿಯುತ್ತಿದೆ. ಪೆಟ್ರೋಲ್ ಟ್ಯಾಂಕ್ ಕೈಗೆಟಕುವಷ್ಟು ಹತ್ತಿರ. ಬ್ರೇಕಿನ ರಬ್ಬರ್ ಪೈಪೂ ಅಲ್ಲೇ. "ಬ್ಲೇಡ್ ತಾ," ಎನ್ನುತ್ತಾನೆ ಮೇಸ್ತ್ರಿ.

ಬುಶ್ಶಿಗೂ ಬ್ರಾಕೆಟ್ಟಿಗೂ ನಡುವಿನ ಸಂದಿಗೆ ಬರಿಯ ಆಕ್ಸಾ ಬ್ಲೇಡ್ ತೂರಿಸಿ ಗರಗರ ಕೊಯ್ಯುತ್ತೀರಿ, ಅವನಿಗೆ ಸಾಕಾದಾಗ ನೀವು, ನಿಮಗೆ ಸಾಕಾದಾಗ ಅವನು. ಮೊಣಕೈಗೆ ಬೀಸಲು ಜಾಗವಿಲ್ಲ. ಬ್ಲೇಡ್ ಮುರಿಯುತ್ತದೆ. ಇನ್ನೊಂದು. ಉಕ್ಕಿನ ಪುಡಿ ಬೆವರಿಗೆ ಅಂಟುತ್ತದೆ. ಒಂದು ಕಡೆ ತುಂಡಾಯಿತು. ಇನ್ನೊಂದು ಕಡೆಯೂ ಆಗುತ್ತಲೇ ಟಣ್! ಆಕ್ಸಲ್ ಬೆರಳಷ್ಟು ಜಿಗಿಯುತ್ತದೆ, ನಿಮ್ಮ ಎದೆ ಅದಕ್ಕಿಂತ ಹೆಚ್ಚು. ಬಲಗಡೆಯ ಆರ್ಮ್ ಬಿಚ್ಚದೆ ಬಿಟ್ಟದ್ದು ಇದಕ್ಕೇ. ಎರಡನ್ನೂ ಒಟ್ಟಿಗೆ ಬಿಚ್ಚಿದ್ದರೆ ತೊಲೆ ಬೇಕಾದತ್ತ ಹೊರಳುತ್ತಿತ್ತು.

ಹಿಂದಿನ ತುದಿಯನ್ನೂ ಬಿಚ್ಚಿ, ಆರ್ಮನ್ನು ಪೇಪರಿನಲ್ಲಿ ಸುತ್ತಿ ಬೈಕ್ ಹತ್ತಿ. ಮಲೇಬೆನ್ನೂರು ದಾಟಿ, ಭದ್ರಾ ನಾಲೆಯ ನೀರುಂಡ ಗದ್ದೆಗಳನ್ನು ಹಿಂದೆ ಹಾಕಿ ಹರಿಹರ. ಲೇತ್ ಅಂಗಡಿಯಲ್ಲಿ ತಿರುಗುತ್ತಿರುವುದು ಮೈಸೂರು ಕಿರ್ಲೋಸ್ಕರ್ ಯಂತ್ರ. 1941ರಲ್ಲಿ ಇದೇ ಊರಿನಲ್ಲಿ ಶುರುವಾದ ಕಾರ್ಖಾನೆ ಅದು. ಕಾರ್ಖಾನೆ ನಿಂತುಹೋದರೂ ಲೇತ್ ನಿಂತಿಲ್ಲ. ಪಕ್ಕದ ಪ್ರೆಸ್ಸಿನಲ್ಲಿ ಹಳೆಯ ಬುಶ್ ಚೀರುತ್ತಾ ಹೊರಬೀಳುತ್ತದೆ. ಹೊಸದು ನೆಟ್ಟಗೆ ಕೂತು ಒಳಗಿಳಿಯುವವರೆಗೆ ಅಂಗಡಿಯವನು ಮಾತಾಡುವುದಿಲ್ಲ, ನೀವೂ ಮಾತಾಡಿಸಬೇಡಿ. ಅದೇ ಅಳತೆಯ, ತಲೆಯ ಮೇಲೆ ಗ್ರೇಡಿನ ಅಂಕಿ ಒತ್ತಿದ ಹೈ ಟೆನ್ಸೈಲ್ ಬೋಲ್ಟ್ ಕೊಳ್ಳಿ. ಇಲ್ಲಿ ನಾಲ್ಕು ಕಾಸು ಉಳಿಸುವುದು ಜಾಣತನವಲ್ಲ.

ಮರಳಿ ಗೋಣಿಚೀಲದ ಮೇಲೆ. ತೂತಿಗೆ ತೂತು ಕೂಡುತ್ತಿಲ್ಲ. ಮೇಸ್ತ್ರಿ ಹಾರೆಯಿಂದ ಆಕ್ಸಲ್ ಮೀಟುತ್ತಾನೆ, ಹುಡುಗ ಜಾಕನ್ನು ಎಳ್ಳಷ್ಟು ಏರಿಸುತ್ತಾನೆ, ನೀವು ಬೋಲ್ಟ್ ಹಿಡಿದು ಕಾಯುತ್ತೀರಿ. ಬೆರಳು ತೂರಿಸಿ ನೋಡುವ ಆಸೆಯಾಗುತ್ತದೆ. ಬೇಡ! ಕತ್ತರಿಯಂತೆ ತುಂಡರಿಸುವ ಜಾಗ ಅದು. ಸ್ಕ್ರೂಡ್ರೈವರ್ ತೂರಿಸಿ. ಇನ್ನೂ ಸ್ವಲ್ಪ. ಸ್ವಲ್ಪ... ಹೋಯಿತು!

ಉಳಿದ ಬುಶ್‌ಗಳೂ ಹೀಗೆಯೇ ಒಂದೊಂದಾಗಿ ಕೂರುವಷ್ಟರಲ್ಲಿ ಮಧ್ಯಾಹ್ನ ವಾಲಿದೆ. ಈಗ ಕೈ ತುರಿಸುತ್ತದೆ, ಸ್ಪ್ಯಾನರ್ ಹಾಕಿ ಎಲ್ಲವನ್ನೂ ಬಿಗಿದು ಎದ್ದುಬಿಡೋಣ ಎಂದು. ಕುತ್ತಿಗೆ ಸೆಟೆದುಕೊಂಡಿದೆ, ಹೊರಗೆ ಮಿರ್ಚಿ ಕರಿಯುವ ವಾಸನೆ. "ಬಿಗೀಬ್ಯಾಡ್ರಿ!" ಮೇಸ್ತ್ರಿ ನಿಮ್ಮ ಕೈ ಹಿಡಿಯುತ್ತಾನೆ. ಈ ಬುಶ್ ಬೇರಿಂಗಿನಂತೆ ಉರುಳುವುದಿಲ್ಲ, ತಿರುಚಿಕೊಳ್ಳುತ್ತದೆ. ಆಕ್ಸಲ್ ಜೋತುಬಿದ್ದಾಗ ಬಿಗಿದರೆ, ಕಾರು ನೆಲಕ್ಕಿಳಿದ ಗಳಿಗೆಯಿಂದಲೇ ರಬ್ಬರ್ ಹಿಂಡಿದ ಬಟ್ಟೆಯಾಗಿ, ನಿಂತಲ್ಲೇ ಸವೆಯುತ್ತದೆ. ಹೊಸ ಬುಶ್ ಬೇಗ ಹರಿದರೆ ಎಲ್ಲರೂ ಬೈಯುವುದು ಕಂಪನಿಯನ್ನು.

ಹಾಗಾಗಿ ಚಕ್ರ ಹಾಕಿ, ಕಾರಿಳಿಸಿ, ಹಿಂದಿನ ಗಾಲಿಗಳನ್ನು ಚಪ್ಪಡಿ ಕಲ್ಲುಗಳ ಮೇಲೆ ಹತ್ತಿಸಿ, ಡಿಕ್ಕಿ ಮೇಲೆ ಕೈಯೂರಿ ಕುಲುಕಿಸಿ. ಗಾಲಿಗಳಿಗೆ ಮತ್ತೆ ಕಲ್ಲು ಕೊಟ್ಟು, ಇನ್ನೊಮ್ಮೆ ಒಳಗೆ ತೆವಳಿ. ಜಾಗ ಮೊದಲಿಗಿಂತ ಇಕ್ಕಟ್ಟು, ಕಾರಿನ ಪೂರ್ತಿ ಭಾರ ಈಗ ಅದರ ಚಕ್ರಗಳ ಮೇಲೆ. ಒಂದೊಂದೇ ಬೋಲ್ಟ್ ಬಿಗಿಯುತ್ತೀರಿ, ಬಿಗಿದದ್ದಕ್ಕೆ ಸುಣ್ಣದ ಗುರುತು ಹಾಕುತ್ತೀರಿ.

ರಸ್ತೆಗೆ ಬಂದಿದ್ದೀರಿ. ಹಂಪ್. ಧಡ್ ಇಲ್ಲ. ಎದುರಿನಿಂದ ಲಾರಿ ಬರುತ್ತಿದೆ, ನಿಮ್ಮ ಭುಜ ತಾನಾಗಿ ಬಿಗಿಯುತ್ತದೆ, ಗಾಳಿ ಬಡಿಯುತ್ತಲೇ ಕೈ ಎಡಕ್ಕೊಂದು ಬಲಕ್ಕೊಂದು ತಿದ್ದುತ್ತದೆ. ಬಾಲ ತೊನೆಯಲೇ ಇಲ್ಲ, ಆದರೆ ನೀವು ತಿದ್ದಿದ್ದಕ್ಕೆ ಕಾರು ಓಲಾಡುತ್ತದೆ.

"ಸ್ಟೇರಿಂಗ್ ಸಡ್ಲ ಹಿಡೀರಿ ಅಣ್ಣಾರ," ಪಕ್ಕದಲ್ಲಿ ಕೂತ ಮೇಸ್ತ್ರಿ ಮಿರ್ಚಿ ಕಚ್ಚುತ್ತಾ ಹೇಳುತ್ತಾನೆ. "ಈಗ ಅದು ತಾನ ನೆಟ್ಟಗ ಹೊಕ್ಕೈತಿ."