ಬಿಟ್ಟ ಮೆಟ್ಟಿಲು

ಮಕ್ಕಳ ಮರೆವು ಹೊಸದೇನಲ್ಲ. ಬೇಸಗೆಯ ರಜ ಮುಗಿಸಿ ಬಂದ ಹುಡುಗ ಏಳರ ಮಗ್ಗಿಯನ್ನು ಅಜ್ಜಿಯ ಮನೆಯಲ್ಲಿಯೇ ಬಿಟ್ಟು ಬಂದಿರುತ್ತಾನೆ; ಮೇಷ್ಟ್ರು ಒಂದು ವಾರ ಗದರಿಸಿ ಅದನ್ನು ಮರಳಿ ತರಿಸುತ್ತಾರೆ. ಆದರೆ 2020ರ ಮಾರ್ಚ್ ತಿಂಗಳಿನಲ್ಲಿ ಮುಚ್ಚಿದ ಬಾಗಿಲು ಒಂದರಿಂದ ಐದನೆಯ ತರಗತಿಯವರಿಗೆ ತೆರೆದುದು 2021ರ ಅಕ್ಟೋಬರ್ 25ರಂದು. ಎರಡನೆಯ ತರಗತಿಯಲ್ಲಿ ಒತ್ತಕ್ಷರ ತಿದ್ದುತ್ತಿದ್ದ ಕೂಸು ನೇರವಾಗಿ ನಾಲ್ಕನೆಯ ತರಗತಿಗೆ ಬಂದು ಕುಳಿತಿತು. ಹಾಜರಿ ಪುಸ್ತಕಕ್ಕೆ ಇದರಲ್ಲಿ ಯಾವ ತೊಡಕೂ ಕಾಣಲಿಲ್ಲ. ತೊಡಕು ಕಂಡದ್ದು ಮೇಷ್ಟ್ರಿಗೆ.

ಮೈಸೂರಿನ ಪಡುವಣ ತಾಲ್ಲೂಕುಗಳಲ್ಲಿ ಮಕ್ಕಳನ್ನು ಶಾಲೆಯಿಂದ ಸೆಳೆಯುವ ಕೈಗಳು ಮೊದಲೇ ಬಹಳ. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಮಳೆಗಾಲವೆಂದರೆ ಹೊಗೆಸೊಪ್ಪಿನ ಕಾಲ. ಎಲೆ ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿಗೆ ಏರಿಸುವ ಅವಸರದಲ್ಲಿ ಪುಟ್ಟ ಕೈಗಳೂ ಬೇಕಾಗುತ್ತವೆ. ಕೃಷ್ಣರಾಜನಗರದ ನಾಲೆಯ ಬಯಲಿನಲ್ಲಿ ಬತ್ತದ ನಾಟಿ. ಹೆಗ್ಗಡದೇವನಕೋಟೆಯ ಹಾಡಿಗಳಿಂದ ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೊರಡುವ ಜೇನುಕುರುಬ ಸಂಸಾರಗಳ ಹಿಂದೆ ಮಕ್ಕಳೂ ನಡೆಯುತ್ತಾರೆ. ಶಾಲೆಯೇ ಇಲ್ಲವಾದ ಮೇಲೆ ತಡೆಯುವವರು ಯಾರು? ‘ವಿದ್ಯಾಗಮ’ವೆಂದು ಉಪಾಧ್ಯಾಯರು ಗುಡಿಯ ಜಗಲಿ, ಅರಳಿಕಟ್ಟೆಗಳಿಗೇ ಹೋಗಿ ಪಾಠ ಹೇಳಿದರು, ಸೋಂಕಿನ ಭಯದಿಂದ 2020ರ ಅಕ್ಟೋಬರಿನಲ್ಲಿ ಅದೂ ನಿಂತಿತು.

ಸೋಜಿಗವೆಂದರೆ, ಈ ರೋಗದ ಮದ್ದು ಇದೇ ನೆಲದಲ್ಲಿ ಎಂದೋ ಮೊಳೆತಿತ್ತು. 1995ರಲ್ಲಿ ಹೆಗ್ಗಡದೇವನಕೋಟೆಯ ಉಪಾಧ್ಯಾಯರು, ಯುನಿಸೆಫ್ ನೆರವಿನಿಂದ, ಆಂಧ್ರದ ರಿಷಿವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿಬಂದು ‘ನಲಿ–ಕಲಿ’ಯನ್ನು ಆರಂಭಿಸಿದರು. ಅಲ್ಲಿ ಪಾಠವೆಂಬುದು ಚಿತ್ರದ ಕಾರ್ಡುಗಳ ಒಂದು ಏಣಿ. ಹದಿನೈದು ದಿನ ತಪ್ಪಿಸಿಕೊಂಡ ಮಗು ಮರಳಿದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತುತ್ತದೆ. ಓರಗೆಯವರು ಎಲ್ಲಿಗೆ ಮುಟ್ಟಿದರೆಂದು ಯಾರೂ ಹಂಗಿಸುವುದಿಲ್ಲ. ಮುಂದೆ ಇದು ನಾಡಿನ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಆದರೆ ಏಣಿ ಮೂರನೆಯ ತರಗತಿಗೆ ಮುಗಿದುಹೋಗುತ್ತದೆ! ಅದರಾಚೆ ಪಠ್ಯಪುಸ್ತಕ, ಮತ್ತು ಪಾಠ ಮುಗಿಸುವ ಆತುರ.

2022–23ನೆಯ ಸಾಲನ್ನು ಸರ್ಕಾರ ‘ಕಲಿಕಾ ಚೇತರಿಕೆ’ಗೆ ಮೀಸಲಿಟ್ಟಿತು, ಹಿಂದಿನ ತರಗತಿಗಳ ಕಲಿಕೆಯನ್ನು ಹಾಳೆಗಳ ಮೂಲಕ ಮತ್ತೆ ಮಾಡಿಸಬೇಕೆಂಬುದು ಅದರ ಕ್ರಮ. ಕ್ರಮವೇನೋ ಸರಿ. ಆದರೆ ಯಾವ ಮಗು ಎಲ್ಲಿ ನಿಂತಿತೆಂಬುದನ್ನು ಹಾಳೆ ತಾನಾಗಿ ಹೇಳದು. ಒಬ್ಬೊಬ್ಬರನ್ನೇ ಬಳಿಗೆ ಕರೆದು ಓದಿಸಿ ಕೇಳಬೇಕು. ಅಲ್ಲದೆ, ಐದನೆಯ ತರಗತಿಯ ಹುಡುಗನ ಕೈಗೆ ಒಂದನೆಯದರ ಕಾರ್ಡು ಕೊಡುವುದು ಸುಲಭವೆ? ಅವನಿಗೆ ನಾಚಿಕೆ, ತಂದೆಗೆ ಅವಮಾನ, ಮೇಷ್ಟ್ರಿಗೆ ತನಿಖೆಯ ಅಂಜಿಕೆ. ಜಾಣ ಉಪಾಧ್ಯಾಯಿನಿಯಾದರೆ ಅವನನ್ನು ಕಿರಿಯರ ಗುಂಪಿಗೆ ಕಳುಹಿಸಿ, “ಈ ತಮ್ಮನಿಗೆ ಒಂದಿಷ್ಟು ಓದಿ ಹೇಳಪ್ಪ” ಎನ್ನುತ್ತಾರೆ. ಚಿಕ್ಕವನಿಗೆ ಓದಿ ಹೇಳುವ ನೆಪದಲ್ಲಿ ದೊಡ್ಡವನು, ಯಾರಿಗೂ ತಿಳಿಯದಂತೆ, ತನ್ನ ಕಾಗುಣಿತವನ್ನು ಸರಿಪಡಿಸಿಕೊಳ್ಳುತ್ತಾನೆ.