ಅಮ್ಮನ ಹನ್ನೊಂದು ಹಾಡು

ನಮ್ಮ ಕಡೆ ಮದುವೆಮನೆಯಲ್ಲಿ ಶಾಸ್ತ್ರಕ್ಕೊಂದು ಹಾಡು. ಎಣ್ಣೆ ಹಚ್ಚುವಾಗ ಒಂದು, ಹಸೆಗೆ ಕರೆಯುವಾಗ ಇನ್ನೊಂದು. ಹೆಣ್ಣೊಪ್ಪಿಸುವ ಹಾಡಂತೂ ಹಾಡುವವರ ಗಂಟಲನ್ನೇ ಕಟ್ಟಿಸಿಬಿಡುತ್ತದೆ. ಅಮ್ಮನಿಗೆ ಇವೆಲ್ಲ ಬಾಯಿಪಾಠ, ಬರೆದಿಟ್ಟವಳಲ್ಲ. 2006ರಲ್ಲಿ ತಂಗಿ ತನ್ನ ಹೊಸ ಮೊಬೈಲನ್ನು ಅಡಿಗೆಕಟ್ಟೆಯ ಮೇಲಿಟ್ಟು 11 ಹಾಡು ಹಿಡಿದಿಟ್ಟಳು. 2009ರಲ್ಲಿ ಅಮ್ಮ ಹೋದಳು. ಉಳಿದದ್ದು ಆ ಹನ್ನೊಂದೇ.

ಈಗ ತಂಗಿಯ ಮಗಳಿಗೆ ಮದುವೆ ಗೊತ್ತಾಗಿದೆ. ಹೆಣ್ಣೊಪ್ಪಿಸುವಾಗ ಅಜ್ಜಿಯ ದನಿಯೇ ಕೇಳಬೇಕೆಂದು ಹುಡುಗಿಯ ಹಟ. ಹಾಡುಗಳನ್ನು ಪೆನ್‌ಡ್ರೈವಿಗೆ ತುಂಬಿಕೊಂಡು ಊರಿನ ಸ್ಟುಡಿಯೋಗೆ ಹೋದೆ. ಅಲ್ಲಿನ ಹುಡುಗ ನೋಡಿದವನೇ, "ಇವೆಲ್ಲ ಎಎಂಆರ್ ಅಮ್ಮಾ, ನನಗೆ ವೇವ್ ಬೇಕು" ಎಂದ.

ಎಎಂಆರ್ ಎನ್ನುವುದು ಮೊಬೈಲಿನ ಮಾತಿಗೆಂದು 1999ರಲ್ಲಿ ಗೊತ್ತುಪಡಿಸಿದ ವಿಧಾನವಂತೆ. ಅದು ಒಂದು ಸೆಕೆಂಡಿನ ದನಿಯನ್ನು 50 ಹೋಳು ಮಾಡುತ್ತದೆ. ಹೋಳಿನಲ್ಲಿ ಇಡುವುದು ದನಿಯನ್ನೇ ಅಲ್ಲ, ಆ ಕ್ಷಣ ಗಂಟಲು ಬಾಯಿ ಹೇಗಿದ್ದವು ಎಂಬ ಒಂದು ಚೀಟಿಯನ್ನು! ಒಂದು ನಿಮಿಷದ ಹಾಡು 100 ಕೆಬಿಯೊಳಗೆ ಮುಗಿದುಹೋಗುತ್ತದೆ. ಸಿ.ಡಿ.ಯಲ್ಲಿ ದನಿಯನ್ನು ಸೆಕೆಂಡಿಗೆ 44,100 ಸಲ ಅಳೆದರೆ ಇದು ಅಳೆಯುವುದು 8,000 ಸಲ. ಕ್ಷೇಮಸಮಾಚಾರಕ್ಕೆ ಧಾರಾಳವಾಗಿ ಸಾಕು. ಹಾಡಿಗೆ ಸಾಲದು. ಬಳೆಯ ಕಿಣಿಕಿಣಿ, ಸಕಾರದ ಸೀಳು, ಎಲ್ಲ ಮೊಬೈಲೇ ಅಂದು ಬಿಸಾಡಿಬಿಟ್ಟಿದೆ.

"ವೇವ್ ಮಾಡಿದರೆ ಅವು ವಾಪಸು ಬರುತ್ತವೆಯೇ?"

"ಇಲ್ಲ."

ಕೆನೆ ತೆಗೆದ ಹಾಲನ್ನು ದೊಡ್ಡ ಪಾತ್ರೆಗೆ ಸುರಿದರೆ ಕೆನೆ ಬಂದೀತೆ? ಹಾಗಾದರೆ ಈ ಖಟಾಟೋಪವೇಕೆ ಎಂದು ಕೇಳಿದೆ. ಹುಡುಗ ಸಮಾಧಾನದಿಂದಲೇ ಹೇಳಿದ. ಹಿಂಡಿಟ್ಟ ಫೈಲನ್ನು ಕತ್ತರಿಸಿ ಜೋಡಿಸಿ ಮತ್ತೆ ಹಿಂಡಿಯೇ ಉಳಿಸಿದರೆ ಪ್ರತಿಸಲವೂ ಇನ್ನಷ್ಟು ಹೋಗುತ್ತದೆ. 1991ರಲ್ಲಿ ಮೈಕ್ರೋಸಾಫ್ಟ್ ಮತ್ತು ಐಬಿಎಂನವರು ತಂದ ವೇವ್‌ನಲ್ಲಿ ಸಾಮಾನ್ಯವಾಗಿ ಹಿಂಡುವ ಕೆಲಸವೇ ಇಲ್ಲ. ದೊಡ್ಡ ಪಾತ್ರೆ ಕೆನೆಗಲ್ಲ, ಕಲಕುವಾಗ ಚೆಲ್ಲದಿರಲಿ ಎಂದು. ಇದು ನನಗೆ ಸರಿ ಕಂಡಿತು.

ಮನೆಯ ಕಂಪ್ಯೂಟರಿಗೆ ಮಗ ಆಡಾಸಿಟಿ ಹಾಕಿಕೊಟ್ಟ. ಅದಕ್ಕೆ ದುಡ್ಡಿಲ್ಲ; ಎಎಂಆರ್ ತೆರೆಯಲು ಎಫ್‌ಎಫ್‌ಎಂಪೆಗ್ ಎಂಬ ಇನ್ನೊಂದು ಜೊತೆಗಿರಬೇಕು, ಅಷ್ಟೆ. ಸ್ಟುಡಿಯೋದವ ಹೇಳಿದಂತೆ 48,000, 24 ಬಿಟ್ ಎಂದು ಆರಿಸಿ ಮಧ್ಯಾಹ್ನಗಳಲ್ಲಿ ಒಂದೊಂದೇ ಹಾಡನ್ನು ವೇವ್ ಮಾಡಿದೆ. 100 ಕೆಬಿಯ ನಿಮಿಷ 8 ಎಂಬಿ ದಾಟಿತು. ಮೂಲವನ್ನು ಅಳಿಸದೆ ಎರಡು ಕಡೆ ನಕಲಿಟ್ಟೆ. ಹೆಣ್ಣುಮಕ್ಕಳಿಗೆ ಇದನ್ನು ಹೇಳಿಕೊಡಬೇಕೆ? ಉಪ್ಪಿನಕಾಯಿಯನ್ನು ನಾವು ಎಂದಾದರೂ ಒಂದೇ ಭರಣಿಯಲ್ಲಿ ಇಟ್ಟದ್ದುಂಟೇ!

ಪೇಚಾಟ ಶುರುವಾದದ್ದು ಆಮೇಲೆ. ಹೆಣ್ಣೊಪ್ಪಿಸುವ ಹಾಡಿನ ನಡುವೆ ಕುಕ್ಕರಿನ ಸೀಟಿಯಿದೆ. ಅದಾದ ಮೇಲೆ ಅಮ್ಮ ಹಾಡು ನಿಲ್ಲಿಸಿ, "ಏ, ಹಾಲು ನೋಡೇ" ಎಂದು ಹೇಳಿ, ಬಿಟ್ಟ ಸ್ವರವನ್ನೇ ಹಿಡಿದು ಮುಂದುವರಿಯುತ್ತಾಳೆ. ಹುಡುಗ ಎಲ್ಲವನ್ನೂ ತೆಗೆಯುತ್ತೇನೆಂದ. ಅಮ್ಮ ಸುಮ್ಮನಿದ್ದ ಕಡೆಯ ಗುಂಯ್‌ಗುಟ್ಟುವಿಕೆಯನ್ನು ಮಾದರಿಯಾಗಿ ತೋರಿಸಿದರೆ ಯಂತ್ರ ಅಂಥದನ್ನು ಹಾಡಿನುದ್ದಕ್ಕೂ ಕಳೆಯುತ್ತದೆ. ಒಂದು ಸಲ ಮಾಡಿಯೂ ತೋರಿಸಿದ. ಸದ್ದು ಹೋಯಿತು ನಿಜ, ಅಮ್ಮ ಬಾವಿಯೊಳಗಿಂದ ಹಾಡಿದ ಹಾಗಾಯಿತು. "ಅರ್ಧ ಮಾತ್ರ ತೆಗೆಯಪ್ಪಾ" ಎಂದೆ. ಹಾಲಿನ ಮಾತಿರುವುದೊಂದು, ಇಲ್ಲದಿರುವುದೊಂದು, ಎರಡನ್ನೂ ಮಾಡಿಸಿಕೊಂಡೆ. ಅವತ್ತು ಒಲೆಯ ಹತ್ತಿರ ಇದ್ದವಳು ನಾನು. ಅಮ್ಮ ನನ್ನನ್ನು ಕರೆದದ್ದು ಉಳಿದಿರುವುದು ಅದೊಂದೇ ಕಡೆ.

ಮಂಟಪಕ್ಕೆ ಹಾಲಿಲ್ಲದ ಹಾಡೇ ಸಾಕೆಂದು ತಂಗಿಯ ತೀರ್ಮಾನ. ಹಾಲು ಉಕ್ಕಿದರೆ ಬೀಗರು ಏನಂದಾರೋ ಎಂಬ ಚಿಂತೆ ಅವಳಿಗೆ. ಹಾಲುಕ್ಕಿದರೆ ಶುಭವಲ್ಲವೇನೇ ಎಂದೆ. ಫೋನಿನಲ್ಲಿ ಇಬ್ಬರೂ ನಕ್ಕೆವು. ಇನ್ನೂ 4 ಹಾಡು ಬಾಕಿಯಿವೆ.