ಮೇಜಿನ ಮೇಲಿನ ಬಾಟಲಿಗಳು

ನಮ್ಮ ಮನೆಯ ಊಟದ ಮೇಜಿನ ಒಂದು ಮೂಲೆಯಲ್ಲಿ ಮೊದಲು ಉಪ್ಪಿನಕಾಯಿ ಜಾಡಿ, ತುಪ್ಪದ ಗಿಂಡಿ, ಚಟ್ನಿಪುಡಿ ಡಬ್ಬಿ ಇರುತ್ತಿದ್ದವು. ಈಚಿನ ಆರೇಳು ವರ್ಷಗಳಲ್ಲಿ ಅವೆಲ್ಲ ಒಂದೊಂದಾಗಿ ಅಡುಗೆಮನೆಗೆ ವಾಪಸಾಗಿ ಆ ಜಾಗದಲ್ಲಿ ಬಾಟಲಿಗಳು ಬಂದು ಕೂತವು. ಮಗಳು ಅಮೆರಿಕದಿಂದ ಬಂದಾಗಲೆಲ್ಲ ಎರಡು ದೊಡ್ಡ ಬಾಟಲಿ ತರುತ್ತಾಳೆ. ಒಂದರ ಮೇಲೆ ‘50 ದಾಟಿದ ಗಂಡಸರಿಗೆ’, ಇನ್ನೊಂದರ ಮೇಲೆ ‘50 ದಾಟಿದ ಹೆಂಗಸರಿಗೆ’ ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಅವುಗಳ ಪಕ್ಕ ನನ್ನಾಕೆಯ ಕ್ಯಾಲ್ಸಿಯಂ ಮಾತ್ರೆ, ಸೊಸೆಯ ಕೂದಲು ಉದುರದ ಮಾತ್ರೆ, ನಾನೇ ಮೆಡಿಕಲ್ ಶಾಪಿನಿಂದ ತಂದುಕೊಂಡ ಕಬ್ಬಿಣಾಂಶದ ಟಾನಿಕ್ಕು.

ಆ ಟಾನಿಕ್ಕಿಗೆ ಒಂದು ಕಥೆಯಿದೆ. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಅಂಕಿ ನೋಡಿದ ಕಣ್ಣು ನನ್ನದು, ಲೇಬಲ್ ಓದದೆ ಏನನ್ನೂ ನುಂಗುವುದಿಲ್ಲ. ಮಗಳು ತಂದ ಗಂಡಸರ ಬಾಟಲಿಯ ಹಿಂದೆ ಇದ್ದ ಪಟ್ಟಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೆಸರುಗಳಿದ್ದರೂ ಕಬ್ಬಿಣ ಮಾತ್ರ ಇರಲಿಲ್ಲ. ‘ಇಷ್ಟು ದುಡ್ಡು ತಗೊಂಡು ಮುಖ್ಯವಾದದ್ದನ್ನೇ ಬಿಟ್ಟಿದ್ದಾರಲ್ಲ’ ಎಂದುಕೊಂಡೆ. ಆ ಕೊರತೆ ತುಂಬಲೆಂದೇ ಟಾನಿಕ್ಕು ತಂದದ್ದು. ಬೆಳಿಗ್ಗೆ ಎರಡು ಚಮಚ, ರಾತ್ರಿ ಎರಡು ಚಮಚ. ಅದರಿಂದ ಮಲಬದ್ಧತೆ ಶುರುವಾಯಿತು. ಅದಕ್ಕೆ ಇಸಬ್‌ಗೋಲ್ ತಂದೆ. ಟಾನಿಕ್ಕಿನ ಮೇಲೆ ಮಾತ್ರ ನನಗೆ ಸಂಶಯ ಬರಲಿಲ್ಲ.

ಮೇಜಿನ ಮೇಲೆ ಒಬ್ಬರಿಗೆ ಮಾತ್ರ ಏನೂ ಇರಲಿಲ್ಲ. ಮೊಮ್ಮಗಳಿಗೆ ಹತ್ತೊಂಬತ್ತು ವರ್ಷ, ಎರಡನೇ ವರ್ಷದ ಡಿಗ್ರಿ. ಆ ವಯಸ್ಸಿಗೆ ಏನು ಕಡಿಮೆ ಎಂಬುದು ಮನೆಯವರೆಲ್ಲರ ಲೆಕ್ಕ.

ಕಳೆದ ವರ್ಷ ದೀಪಾವಳಿಯ ಆಸುಪಾಸು. ಒಗೆದ ಬಟ್ಟೆಯ ಬಕೆಟ್ ಹಿಡಿದು ತಾರಸಿಗೆ ಹೊರಟವಳು ಮೆಟ್ಟಿಲ ಅರ್ಧದಲ್ಲಿ ಕೂತುಬಿಟ್ಟಳು. ನಾನು ಕೆಳಗಿನಿಂದಲೇ ಶುರು ಮಾಡಿದೆ: “ರಾತ್ರಿ ಒಂದು ಗಂಟೆ ತನಕ ಮೊಬೈಲ್ ಒತ್ತಿದ್ರೆ ಇನ್ನೇನಾಗುತ್ತೆ ಪುಟ್ಟಿ? ನಿನ್ನ ವಯಸ್ಸಲ್ಲಿ ನಾನು ಕಾಲೇಜಿಗೆ ನಾಲ್ಕು ಮೈಲಿ ನಡೀತಿದ್ದೆ.” ಅವಳು ಏನೂ ಹೇಳಲಿಲ್ಲ. ಅವಳು ಉತ್ತರ ಕೊಡದೆ ಇರುವವಳಲ್ಲ, ಅದೊಂದು ವಿಷಯ ನನಗೆ ಆಗಲೇ ಹೊಳೆಯಬೇಕಿತ್ತು. ಎರಡು ವಾರದ ನಂತರ ಬಸ್ ಸ್ಟಾಪಿನಲ್ಲಿ ತಲೆ ಸುತ್ತಿ ಬಿದ್ದಳು. ಪುಣ್ಯಕ್ಕೆ ಗೆಳತಿ ಜೊತೆಗಿದ್ದಳು, ಪೆಟ್ಟಾಗಲಿಲ್ಲ.

ನಮ್ಮ ಬಡಾವಣೆಯ ಡಾಕ್ಟರಮ್ಮ ಅವಳ ಕೆಳರೆಪ್ಪೆ ಎಳೆದು ನೋಡಿ, ನನ್ನ ಕಡೆ ನೋಡಿ, ಏನೂ ಮಾತಾಡದೆ ರಕ್ತಪರೀಕ್ಷೆಗೆ ಬರೆದರು. ಹಿಮೋಗ್ಲೋಬಿನ್ 8.4 ಬಂತು. ಹೆಂಗಸರಿಗೆ 12ಕ್ಕಿಂತ ಕಡಿಮೆಯಿದ್ದರೆ, ಗಂಡಸರಿಗೆ 13ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ ಎನ್ನುತ್ತಾರೆ.

“ಮನೇಲಿ ಯಾರಾದ್ರೂ ಐರನ್ ತಗೋತಿದ್ದೀರಾ?” ಅಂತ ಕೇಳಿದರು.

“ನಾನು ತಗೋತೀನಿ ಡಾಕ್ಟ್ರೇ.”

“ನಿಮಗ್ಯಾರು ಬರೆದುಕೊಟ್ಟಿದ್ದು?”

“ಯಾರೂ ಇಲ್ಲ. ಶಕ್ತಿಗೆ ಅಂತ...”

ನನ್ನ ರಕ್ತವನ್ನೂ ನೋಡಿದರು. 14.6. ತುಂಬಿದ ಖಾತೆಗೇ ನಾನು ದಿನವೂ ಜಮಾ ಕಟ್ಟುತ್ತಿದ್ದೆ. ಬರಿದಾದ ಖಾತೆ ಮೆಟ್ಟಿಲ ಮೇಲೆ ಕೂತಿದ್ದಾಗ ಅದಕ್ಕೆ ಬೈದಿದ್ದೆ.

ಗಂಡಸರ ಬಾಟಲಿಯಲ್ಲಿ ಕಬ್ಬಿಣ ಯಾಕಿಲ್ಲ ಎಂಬುದು ಅವತ್ತು ಗೊತ್ತಾಯಿತು. ಹೆಣ್ಣುಮಕ್ಕಳಿಗೆ ತಿಂಗಳು ತಿಂಗಳು ರಕ್ತ ಹೋಗುತ್ತದೆ, ಅದರೊಂದಿಗೆ ಕಬ್ಬಿಣವೂ ಹೋಗುತ್ತದೆ. ನನ್ನಂಥ ಮುದುಕನಿಗೆ ಆ ಖರ್ಚಿಲ್ಲ. ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ದಾರಿಯೂ ದೇಹಕ್ಕಿಲ್ಲ, ಅದು ಒಳಗೇ ಸೇರಿಕೊಳ್ಳುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೊರಡಿಸಿದ ಪಟ್ಟಿಯಲ್ಲಿ ವಯಸ್ಕ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣ, ಹೆಂಗಸಿಗೆ 29 ಮಿಲಿಗ್ರಾಂ ಎಂದಿದೆ. ಮುಟ್ಟು ನಿಂತ ಮೇಲೆ ಹೆಂಗಸರ ಅಗತ್ಯವೂ ಗಂಡಸರ ಮಟ್ಟಕ್ಕೆ ಇಳಿಯುತ್ತದೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತ ಕಡಿಮೆ. ಗಂಡಸರಲ್ಲಿ ನೂರಕ್ಕೆ 25. ಆದರೂ ಟಾನಿಕ್ ಕುಡಿಯುವವರು ಮನೆಯ ಯಜಮಾನರು!

ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದರು. ನನ್ನ ವಯಸ್ಸಿನ ಗಂಡಸಿಗೆ ನಿಜವಾಗಿಯೂ ರಕ್ತ ಕಡಿಮೆಯಾದರೆ ಟಾನಿಕ್ ಕುಡಿದು ಸುಮ್ಮನಿರಬಾರದಂತೆ. ಹೊಟ್ಟೆಯಲ್ಲೋ ಕರುಳಿನಲ್ಲೋ ಗೊತ್ತಾಗದಂತೆ ರಕ್ತ ಸೋರುತ್ತಿರಬಹುದು. ಟಾನಿಕ್ಕು ಅಂಕಿಯನ್ನು ಸರಿಮಾಡಿ ಕಾಯಿಲೆಯನ್ನು ಮುಚ್ಚಿಡುತ್ತದೆ. ಇದನ್ನು ಓದುತ್ತಿರುವ ನನ್ನ ವಯಸ್ಸಿನ ಗೆಳೆಯರು ಈ ಮಾತನ್ನು ದಯವಿಟ್ಟು ಎರಡು ಸಲ ಓದಬೇಕು.

“ಮನೇಲಿರೋ ಬಾಟಲಿ ಎಲ್ಲಾ ಒಂದು ಚೀಲಕ್ಕೆ ಹಾಕ್ಕೊಂಡು ಬನ್ನಿ” ಎಂದಿದ್ದರು. ಅದಕ್ಕೆ ಮೊದಲು ನಾನೇ ಒಂದು ರಾತ್ರಿ ಕೂತು, ರೂಲ್ ಹಾಕಿದ ಹಾಳೆಯಲ್ಲಿ ಪಟ್ಟಿ ಮಾಡಿದೆ. ಎಡಕ್ಕೆ ವಸ್ತು, ಮುಂದೆ ಯಾರು ತಗೋತಾರೆ, ಎಷ್ಟು, ಯಾವಾಗ, ಯಾರು ಹೇಳಿದ್ದು. ಕೊನೆಯ ಕಾಲಂ ಹೆಚ್ಚುಕಡಿಮೆ ಖಾಲಿಯೇ ಉಳಿಯಿತು.

ಬರೆಯುವಾಗ ಕೆಲವು ಹೊಸ ವಿಷಯ ಕಲಿತೆ. ಕ್ಯಾಲ್ಸಿಯಂ ಮಾತ್ರೆಯ ಮೇಲೆ ‘ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿಲಿಗ್ರಾಂ’ ಎಂದಿತ್ತು. ಅದರಲ್ಲಿ ದೇಹಕ್ಕೆ ಲೆಕ್ಕಕ್ಕೆ ಬರುವ ಕ್ಯಾಲ್ಸಿಯಂ 500 ಮಿಲಿಗ್ರಾಂ ಮಾತ್ರ. ಸಂಬಳದ ಚೀಟಿಯಲ್ಲಿ ಒಟ್ಟು ಸಂಬಳ ಬೇರೆ, ಕೈಗೆ ಬರುವುದು ಬೇರೆ ಇರುವ ಹಾಗೆ. ಕಬ್ಬಿಣದ್ದೂ ಇದೇ ಕಥೆ. ಲೇಬಲ್ಲಿನಲ್ಲಿ ‘ಎಲಿಮೆಂಟಲ್’ ಎಂಬ ಪದದ ಮುಂದಿರುವ ಅಂಕಿಯನ್ನೇ ನೋಡಬೇಕು. ನಮ್ಮ ದೇಶದ ಬಾಟಲಿಗಳ ಮೇಲೆ ‘ಔಷಧವಾಗಿ ಬಳಸುವುದಕ್ಕಲ್ಲ’ ಎಂಬ ಅರ್ಥದ ಇಂಗ್ಲಿಷ್ ಸಾಲೊಂದಿರುತ್ತದೆ. ಅದನ್ನು ಓದಿದ ಮೇಲೂ ನಾವು ಔಷಧವೆಂದೇ ನುಂಗುತ್ತೇವೆ.

ಇನ್ನು ವಿಟಮಿನ್ ಡಿ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಕುಕ್ಕರಹಳ್ಳಿ ಕೆರೆಯ ಸುತ್ತ ಬೆಳಿಗ್ಗೆ ನಡೆಯುವ ನಮ್ಮ ಗುಂಪಿನಲ್ಲಿ ಒಬ್ಬರಿಗೆ ವೈದ್ಯರು ‘60,000, ವಾರಕ್ಕೊಂದು’ ಎಂದು ಪುಡಿಯ ಪೊಟ್ಟಣ ಬರೆದುಕೊಟ್ಟಿದ್ದರು. ಅವರು ಚೀಟಿ ಕಳೆದುಕೊಂಡು, ಅಂದಾಜಿನ ಮೇಲೆ ದಿನಕ್ಕೊಂದು ಹಾಲಿಗೆ ಹಾಕಿ ಕುಡಿದರು. ಒಂದೂವರೆ ತಿಂಗಳಲ್ಲಿ ಹಸಿವು ಹೋಯಿತು, ಬಾಯಾರಿಕೆ, ರಾತ್ರಿ ಐದಾರು ಸಲ ಮೂತ್ರಕ್ಕೆ ಏಳುವುದು, ವಾಂತಿ, ಕೊನೆಗೆ ಮಾತು ತೊದಲಿ ಯಾರ್ಯಾರನ್ನೋ ಕರೆಯತೊಡಗಿದರು. ಮನೆಯವರು ಪಾರ್ಶ್ವವಾಯು ಎಂದು ಹೆದರಿದರು. ಆಸ್ಪತ್ರೆಯಲ್ಲಿ ನೋಡಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿತ್ತು, ಮೂತ್ರಪಿಂಡಕ್ಕೂ ಪೆಟ್ಟು ಬಿದ್ದಿತ್ತು. ಉಳಿದುಕೊಂಡರು ಅನ್ನಿ.

ಶಾಲೆಗೆ ಹೋಗುವ ಮಕ್ಕಳು ಈ ಲೆಕ್ಕ ಮಾಡಿ ನೋಡಿ. ವಯಸ್ಕರಿಗೆ ವಿಟಮಿನ್ ಡಿ ದಿನಕ್ಕೆ ಬೇಕಾದದ್ದು 600 ಯೂನಿಟ್. 60,000ವನ್ನು 600ರಿಂದ ಭಾಗಿಸಿದರೆ ಎಷ್ಟು? ನೂರು. ಅರವತ್ತು ದಾಟಿದವರಿಗೆ ದಿನಕ್ಕೆ 800 ಎಂದು ಹಿಡಿದರೂ ಒಂದು ಪೊಟ್ಟಣದಲ್ಲಿ 75 ದಿನದ್ದು ಇದೆ. ತೀರಾ ಕೊರತೆಯಿದ್ದವರಿಗೆ ಕೆಲವು ವಾರಗಳ ಮಟ್ಟಿಗೆ ಅದನ್ನು ಕೊಡುತ್ತಾರೆ. ಬಿ ಗುಂಪಿನ ವಿಟಮಿನ್ನುಗಳು, ಸಿ ವಿಟಮಿನ್ನು ಹೆಚ್ಚಾದರೆ ಬಹುಮಟ್ಟಿಗೆ ಮೂತ್ರದಲ್ಲಿ ಹೋಗುತ್ತವೆ. ಎ ಮತ್ತು ಡಿ ಹಾಗಲ್ಲ, ಕೊಬ್ಬಿನಲ್ಲಿ ಕರಗಿ ಒಳಗೇ ಉಳಿಯುತ್ತವೆ. ನಿಮ್ಮ ಅಜ್ಜ ಅಜ್ಜಿಯ ಚೀಟಿಯಲ್ಲಿ ‘ವಾರಕ್ಕೊಂದು’ ಎಂದಿದ್ದರೆ ಕ್ಯಾಲೆಂಡರಿನಲ್ಲಿ ಆ ವಾರಕ್ಕೆ ನೀವೇ ಗುಂಡಿ ಬಳಿದು ಕೊಡಿ. ನಮ್ಮ ಕಣ್ಣಿಗಿಂತ ನಿಮ್ಮ ಕಣ್ಣು ವಾಸಿ.

ನನ್ನಾಕೆಯ ವಿಷಯದಲ್ಲಿ ತಪ್ಪು ಪೂರ್ತಿ ನನ್ನದು. ಅವಳಿಗೆ ಥೈರಾಯ್ಡ್ ಮಾತ್ರೆ ಇದೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ. ‘ಎಲ್ಲಾ ಒಂದೇ ಸಲಕ್ಕೆ ಮುಗಿದುಹೋಗಲಿ’ ಎಂದು ಕ್ಯಾಲ್ಸಿಯಂ ಮಾತ್ರೆಯನ್ನೂ ಅದೇ ಲೋಟದ ನೀರಿಗೆ ನಾನೇ ಕೊಡುತ್ತಿದ್ದೆ. ಕ್ಯಾಲ್ಸಿಯಂ ಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆಯನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಹೋಗಲು ಬಿಡುವುದಿಲ್ಲ. ಎರಡಕ್ಕೂ ಕಡೇಪಕ್ಷ ನಾಲ್ಕು ಗಂಟೆ ಅಂತರ ಬೇಕು. ಇದು ಗೊತ್ತಿಲ್ಲದೆ ಅವಳ ಥೈರಾಯ್ಡ್ ಡೋಸು ಎರಡು ಸಲ ಏರಿತ್ತು. ನಾವು ಕ್ಯಾಲ್ಸಿಯಂ ವಿಚಾರ ಯಾರಿಗೂ ಹೇಳಿರಲಿಲ್ಲ, ಅದೇನು ಔಷಧವೇ ಅಂತ. ಈಗ ಅದು ಮಧ್ಯಾಹ್ನದ ಊಟದ ಜೊತೆ. ಅವಳಂತೂ ಇವತ್ತಿಗೂ, “ರೀ, ನಿಮ್ಮ ಕೈಯಿಂದ ನೀರೂ ಕೇಳಿ ಕುಡೀಬೇಕು” ಅನ್ನುತ್ತಾಳೆ.

ಕ್ಯಾಲ್ಸಿಯಂ ಮಾತ್ರೆಯೂ ಅರ್ಧಕ್ಕೆ ಇಳಿಯಿತು. ಡಾಕ್ಟರಮ್ಮ ಮೊದಲು ಊಟದ ಲೆಕ್ಕ ಕೇಳಿದರು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಒಂದು ದೊಡ್ಡ ಲೋಟ ಹಾಲಿನಲ್ಲಿ 240ರ ಹತ್ತಿರ. ಎಳ್ಳಿನಲ್ಲಂತೂ ರಾಗಿಗಿಂತ ಎಷ್ಟೋ ಪಾಲು ಹೆಚ್ಚು. ಅವಳ ವಯಸ್ಸಿಗೆ ದಿನಕ್ಕೆ 1000ದಿಂದ 1200 ಸಾಕು. ಮುದ್ದೆ, ಮಜ್ಜಿಗೆ, ಹಾಲು ಸೇರಿ ಮುಕ್ಕಾಲು ಪಾಲು ಮನೆಯಲ್ಲೇ ಬರುತ್ತಿತ್ತು. ಸೊಸೆಯ ಕೂದಲ ಮಾತ್ರೆಯಲ್ಲಿದ್ದ ಬಯೋಟಿನ್ನಿನದು ಇನ್ನೊಂದು ತಮಾಷೆ. ಅದು ಹೆಚ್ಚಿದ್ದರೆ ಥೈರಾಯ್ಡ್‌ನಂಥ ಕೆಲವು ರಕ್ತಪರೀಕ್ಷೆಗಳ ಫಲಿತಾಂಶವೇ ತಪ್ಪಾಗಿ ಬರಬಹುದಂತೆ. ಪರೀಕ್ಷೆಗೆ ಹೋಗುವ ಮುಂಚೆ ಹೇಳಿ, ಕೆಲವು ದಿನ ನಿಲ್ಲಿಸಬೇಕು.

ಹಾಗಾದರೆ ನನಗೆ ಏನೂ ಬೇಡವೇ? ಬೇಕಿತ್ತು. ಅದು ನಾನು ಕೇಳದೇ ಇದ್ದದ್ದು. ಎರಡು ವರ್ಷದಿಂದ ಪಾದ ಜೋಮು ಹಿಡಿದಂತೆ, ಚಪ್ಪಲಿ ಜಾರಿದರೆ ಗೊತ್ತಾಗುತ್ತಿರಲಿಲ್ಲ. ವಯಸ್ಸು ಎಂದುಕೊಂಡಿದ್ದೆ. ಸಕ್ಕರೆ ಕಾಯಿಲೆಗೆ ಹದಿನಾಲ್ಕು ವರ್ಷದಿಂದ ಮೆಟ್‌ಫಾರ್ಮಿನ್ ನುಂಗುತ್ತಿದ್ದೇನೆ. ಬಹಳ ಕಾಲ ಅದನ್ನು ತೆಗೆದುಕೊಂಡರೆ ಬಿ12 ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ವಯಸ್ಸಾದಂತೆ ಹೊಟ್ಟೆಯ ಆಮ್ಲ ಕಡಿಮೆಯಾಗುವುದರಿಂದಲೂ ಹಾಗೇ. ಸಾಲದ್ದಕ್ಕೆ ನಾವು ಸಸ್ಯಾಹಾರಿಗಳು. ಬಿ12 ಇರುವುದು ಮಾಂಸ, ಮೀನು, ಮೊಟ್ಟೆ, ಹಾಲು ಮೊಸರಿನಲ್ಲಿ, ಸೊಪ್ಪು ತರಕಾರಿಯಲ್ಲಿ ಇಲ್ಲ. ದಿನಕ್ಕೆ ಬೇಕಾದದ್ದು ಎರಡೂ ಚಿಲ್ಲರೆ ಮೈಕ್ರೋಗ್ರಾಂ, ಧೂಳಿನ ಕಣದಷ್ಟು. ಅದಿಲ್ಲದಿದ್ದರೆ ನರಗಳು ಸೊರಗುತ್ತವೆ, ಮರೆವು ಹೆಚ್ಚುತ್ತದೆ. ಮಗಳ ಬಾಟಲಿಯಲ್ಲಿ ಅದು ಇತ್ತು. ಆದರೆ ದುಬಾರಿ ಮಾತ್ರೆ ಬೇಗ ಮುಗಿಯದಿರಲಿ ಎಂದು ವಾರಕ್ಕೆ ಎರಡೇ ನುಂಗುತ್ತಿದ್ದೆ. ಬೇಡದ ಟಾನಿಕ್ಕು ಮಾತ್ರ ದಿನಕ್ಕೆ ನಾಲ್ಕು ಚಮಚ. ರಕ್ತದಲ್ಲಿ ಬಿ12 ತೀರಾ ತಳದಲ್ಲಿತ್ತು. ಇಂಜೆಕ್ಷನ್ ಶುರುವಾಯಿತು.

ಮೊಮ್ಮಗಳ ಮಾತ್ರೆ ಶುರುವಾದ ದಿನ ಅವಳು ಒಂದು ತಪ್ಪೊಪ್ಪಿಗೆ ಕೊಟ್ಟಳು. ಹೈಸ್ಕೂಲಿನಲ್ಲಿ ವಾರಕ್ಕೊಮ್ಮೆ ಕೊಡುತ್ತಿದ್ದ ನೀಲಿ ಮಾತ್ರೆಯನ್ನು ನಾಲಿಗೆಯ ಕೆಳಗಿಟ್ಟುಕೊಂಡು, ಮೇಷ್ಟ್ರು ಆಚೆ ತಿರುಗಿದಾಗ ಹೂಕುಂಡಕ್ಕೆ ಉಗಿಯುತ್ತಿದ್ದಳಂತೆ! “ಹೊಟ್ಟೆ ತೊಳಸುತ್ತಿತ್ತು ತಾತ. ಎಲ್ಲರೂ ಹಾಗೇ ಮಾಡ್ತಿದ್ವಿ.” ಆ ಒಂದು ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಸರ್ಕಾರ ಉಚಿತವಾಗಿ ಕೊಡುವುದು. ಪ್ರೈಮರಿಯ ಚಿಕ್ಕ ಮಕ್ಕಳಿಗೆ ಗುಲಾಬಿ ಬಣ್ಣದ್ದು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಕೆಲವರಿಗೆ ತೊಳಸುವುದು ನಿಜ, ಬಿಸಿಯೂಟ ಮಾಡಿ ನುಂಗಿದರೆ ಅಷ್ಟಿರುವುದಿಲ್ಲ. ಮಲ ಕಪ್ಪಗೆ ಬಂದರೆ ಹೆದರಬೇಡಿ, ಅದು ಕಬ್ಬಿಣದ ಬಣ್ಣ. ಹೂಕುಂಡದ ದಾಸವಾಳ ಏನಾಯಿತೆಂದು ಮಾತ್ರ ಅವಳು ಹೇಳಲಿಲ್ಲ.

ಅವಳ ಮಾತ್ರೆಗೆ ಈಗ ನಾನೇ ಗುಮಾಸ್ತ. ಮಧ್ಯಾಹ್ನ ಊಟವಾದ ಮೇಲೆ ನಿಂಬೆ ಪಾನಕದ ಜೊತೆ. ನಿಂಬೆಯ ಹುಳಿ ಕಬ್ಬಿಣ ಹೀರಲು ಸಹಾಯ ಮಾಡುತ್ತದೆ. ಕಾಫಿ, ಟೀ, ಹಾಲು ಆ ಹೊತ್ತಿಗೆ ಬೇಡ, ಅವು ತಡೆಯುತ್ತವೆ. ಮೈಸೂರಿನ ಮನೆಯಲ್ಲಿ ಊಟದ ನಂತರದ ಕಾಫಿಯನ್ನು ಒಂದೂವರೆ ಗಂಟೆ ಮುಂದೂಡುವುದು ಸಣ್ಣ ಜಗಳವಲ್ಲ. ಅವಳ ಅಜ್ಜಿ ನಾಲ್ಕು ದಿನ ಮುನಿಸಿಕೊಂಡಿದ್ದಳು. ಮೂರು ತಿಂಗಳಿಗೆ 12.1 ಬಂತು. “ಸರಿಹೋಯ್ತು, ನಿಲ್ಲಿಸೋಣ್ವಾ?” ಅಂದೆ. “ಇನ್ನೂ ಮೂರು ತಿಂಗಳು. ಈಗ ಬಂದಿರೋದು ದಿನದ ಖರ್ಚಿಗೆ ಮಾತ್ರ, ಒಳಗೆ ಠೇವಣಿ ಆಗಬೇಕಲ್ಲ?” ಅಂದರು ಡಾಕ್ಟರಮ್ಮ. ನನ್ನ ಭಾಷೆಯಲ್ಲೇ ಹೇಳಿದ್ದರಿಂದ ಬೇಗ ಅರ್ಥವಾಯಿತು.

ಮೇಜಿನ ಮೂಲೆಗೆ ಉಪ್ಪಿನಕಾಯಿ ಜಾಡಿ ವಾಪಸ್ಸು ಬಂದಿದೆ. ಉಳಿದ ಅರ್ಧ ಬಾಟಲಿ ಟಾನಿಕ್ಕನ್ನು ಬಚ್ಚಲಿಗೆ ಸುರಿದೆ. ಚೆಲ್ಲುವಾಗ ಕೈ ಸ್ವಲ್ಪ ತಡೆಯಿತು, ನೂರೆಂಬತ್ತು ರೂಪಾಯಿ.

ಮೊನ್ನೆ ಭಾನುವಾರ ಬಟ್ಟೆಯ ಬಕೆಟ್ ಹಿಡಿದು ತಾರಸಿಗೆ ಹೋದಳು. ನಾನು ಕೆಳಗೆ ಪೇಪರ್ ಹಿಡಿದು ಕೂತು, ಕಿವಿಯನ್ನು ಮಾತ್ರ ಮೆಟ್ಟಿಲ ಕಡೆ ಇಟ್ಟಿದ್ದೆ. ಹೆಜ್ಜೆ ಎಲ್ಲೂ ನಿಲ್ಲಲಿಲ್ಲ. ಆಮೇಲೆ ಮೇಲಿನಿಂದ ಕೂಗು ಬಂತು: “ತಾತಾ, ಕ್ಲಿಪ್ಪಿನ ಡಬ್ಬಿ ಕೆಳಗೇ ಬಿಟ್ಟೆ, ಒಂಚೂರು ತಂದುಕೊಡ್ತೀರಾ? ಹಾಂ, ನಿಮ್ಮ ಇಂಜೆಕ್ಷನ್ ಇವತ್ತಾ, ನಾಳೆನಾ?”